ನೀಲಿಯ ಎಡಗಣ್ಣು

೭ ಅಕ್ಟೋಬರ್ ೨೦೨೫, ಮಂಗಳವಾರ

ಯಾರದು ಓದುತ್ತಿರುವುದು? ಇನ್ನೊಬ್ಬರ ಪುಸ್ತಕವನ್ನು ಕೇಳದೆ ತೆಗೆಯಬಾರದೆಂದು ನಿಮ್ಮಮ್ಮ ಕಲಿಸಲಿಲ್ಲವೇ? ಗಗನ, ನೀನೇ ಆಗಿದ್ದರೆ ಇಲ್ಲಿಗೇ ಮುಚ್ಚಿಟ್ಟು ಹೋಗಿ ಉಂಡ ತಟ್ಟೆ ತೊಳಿ. ಕೀರ್ತಿ, ನೀನಾಗಿದ್ದರೆ ನಿನಗೆ ನಾಚಿಕೆಯಿಲ್ಲ. ಹೆತ್ತವಳ ಹತ್ತಿರ ಕೂತು ನಾಲ್ಕು ಮಾತಾಡಲು ಪುರುಸೊತ್ತಿಲ್ಲದವಳಿಗೆ ಅವಳ ಪುಸ್ತಕ ಓದಲು ಪುರುಸೊತ್ತು ಎಲ್ಲಿಂದ ಬಂತು? ಯಾರೇ ಆಗಿರಿ, ನನ್ನ ಅಕ್ಷರ ನೋಡಿ ನಗಬೇಡಿ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಮೇಷ್ಟರು ವಾರಕ್ಕೆರಡು ದಿನ ಬರುತ್ತಿದ್ದ ಹಳ್ಳಿ ಸ್ಕೂಲಿನಲ್ಲಿ. ಹಿಂದೆ ಒಬ್ಬಳು ನಕ್ಕಿದ್ದಳು. ಅದರಿಂದ ಏನಾಯಿತೆಂದು ನನಗೆ ಗೊತ್ತು.

ಹಬ್ಬದ ಬೊಂಬೆಗಳನ್ನು ಅಟ್ಟಕ್ಕೆ ಹಾಕುವಾಗ ಸ್ಟೂಲು ಜಾರಿ ಬಲಗಾಲು ಮುರಿದಿದೆ. ಮೊಣಕಾಲಿನವರೆಗೂ ಪ್ಲಾಸ್ಟರ್. ಆರು ವಾರ ಏಳುವಂತಿಲ್ಲ. ಕೀರ್ತಿ ಆಸ್ಪತ್ರೆಯಿಂದ ಮನೆಯವರೆಗೂ ಆಟೋದಲ್ಲಿ ಬೈದಳು.

"ಸ್ಟೂಲ್ ಹತ್ಬೇಡ ಅಂತ ಎಷ್ಟ್ ಸಲ ಹೇಳಿದೀನಮ್ಮ? ಬೊಂಬೆ ಬಿದ್ರೆ ಬೀಳ್ಲಿ, ನೀನ್ಯಾಕೆ ಬಿದ್ದೆ?"

"ಬೊಂಬೆ ಬೀಳ್ಬಾರ್ದು ಅಂತಾನೇ ನಾನ್ ಬಿದ್ದಿದ್ದು ಕಣೆ" ಎಂದೆ.

ನಿಜವೇ. ಬಿದ್ದಾಗ ಕೈಯಲ್ಲಿ ನೀಲಿ ಎಂಬ ಬೊಂಬೆಯಿದ್ದಳು. ಅವಳಿಗೆ ಒಂದು ಗೆರೆಯೂ ಬಿದ್ದಿಲ್ಲ.

ಮನೆಯಲ್ಲಿ ನಾವು ಮೂರೇ ಹೆಂಗಸರು. ಅಳಿಯ ತೀರಿಕೊಂಡಾಗ ಮೊಮ್ಮಗಳು ಗಗನಳಿಗೆ ನಾಲ್ಕು ವರ್ಷ. ಆಗಿನಿಂದ ಕೀರ್ತಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಐದಕ್ಕೆ ಹೋದರೆ ಬರುವುದು ಸಂಜೆ. ಊರವರ ಜೊತೆಯೆಲ್ಲ ಕೂಗಿ ಕೂಗಿ ಬಂದು, ಮನೆಯಲ್ಲಿ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಗಗನ ಕಾಲೇಜು, ಟ್ಯೂಷನ್. ನನಗೆ ಕಿಟಕಿ. ಹೆಬ್ಬಾಳದ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳು ನಮ್ಮ ಬೀದಿಯ ಕೊನೆಯಲ್ಲಿ ನಿಲ್ಲುತ್ತವೆ. ಇಳಿದವರ ಊಟದ ಚೀಲಗಳನ್ನು ನೋಡುತ್ತಾ ಕೂರುತ್ತೇನೆ. ಗಗನ ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕು ಇದು.

೧೧ ಅಕ್ಟೋಬರ್, ಶನಿವಾರ

ಗಗನ ತನ್ನ ಹಳೆಯ ಫೋನನ್ನು ನನಗೆ ಕೊಟ್ಟಿದ್ದಾಳೆ. ಗಾಜು ಒಡೆದಿದೆ, ಆದರೆ ಅಕ್ಷರ ಕಾಣುತ್ತದೆ. ಅದರಲ್ಲಿ ಒಂದು ವಿಚಿತ್ರ ಸೇರಿಕೊಂಡಿದೆ. ಹಬ್ಬದಲ್ಲಿ ಬೊಂಬೆ ಮೆಟ್ಟಿಲ ಫೋಟೊವನ್ನು ಅವಳು ಎಲ್ಲೋ ಹಾಕಿದ್ದಳಂತೆ. ಕೆಳಗಿನ ಮೆಟ್ಟಿಲ ಮೂಲೆಯಲ್ಲಿ ನಿಂತ ನೀಲಿಯನ್ನು ನೋಡಿ ಯಾರೋ ಹೌಹಾರಿ ಇವಳ ನಂಬರನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿಬಿಟ್ಟಿದ್ದಾರೆ. ಗುಂಪಿನ ಹೆಸರು 'ಹೊನ್ನಗಿರಿ ಬಳಗ'. ಅರವತ್ತು ಚಿಲ್ಲರೆ ಜನ. ಎಲ್ಲ ಮೀಸೆ ಬಂದ ಗಂಡಸರು, ಮಕ್ಕಳೊಂದಿಗರು. ಮಾತಾಡುವುದು ಏನನ್ನು? ನಾವು ಬಣ್ಣ ಹಚ್ಚುತ್ತಿದ್ದ ಬೊಂಬೆಗಳನ್ನು!

ಹೆಬ್ಬಾಳದ ಬೊಂಬೆ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬಣ್ಣದ ಸಾಲಿನಲ್ಲಿ ಕೂತವಳು ನಾನು. ಅಲ್ಲಿ 'ಹೊನ್ನಗಿರಿ ಕೋಟೆ' ಎಂದು ಹನ್ನೆರಡು ಬೊಂಬೆ ಮಾಡುತ್ತಿದ್ದರು, ಅಂಗೈ ಉದ್ದದ ಪ್ಲಾಸ್ಟಿಕ್ಕಿನವು. ರಾಜ, ರಾಣಿ, ಮಾವುತ, ಸರದಾರರು. ಪ್ರತಿ ಡಬ್ಬದಲ್ಲಿ ಕಥೆಯ ಒಂದು ಚೀಟಿ. ನೀಲಿ ಕೋಟೆಬಾಗಿಲ ಕಾವಲುಗಾರ್ತಿ. ಹನ್ನೆರಡನೇ ಚೀಟಿಯಲ್ಲಿ ಶತ್ರುಗಳು ಒಳಗೆ ನುಗ್ಗಿರುತ್ತಾರೆ. ಬಾಗಿಲು ತೆಗೆದವರು ಯಾರು ಎಂಬುದು ಹದಿಮೂರನೆಯದರಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಕಾರ್ಖಾನೆಯೇ ಬಾಗಿಲು ಹಾಕಿತು. ಆ ಬಾಗಿಲ ಜಗಳವನ್ನು ಇವರು ಇನ್ನೂ ಆಡುತ್ತಿದ್ದಾರೆ.

ಅದಕ್ಕೆ ನಿಯಮಗಳು ಬೇರೆ. ನಿರಂಜನ್ ಎನ್ನುವವನು ಯಜಮಾನ. ಒಂದು: ಚೀಟಿಯಲ್ಲಿ ಅಚ್ಚಾದದ್ದೇ ಸತ್ಯ. ಎರಡು: ಬೊಂಬೆಯ ಮೈಮೇಲೆ ಕಾಣುವುದೂ ಸಾಕ್ಷಿ. ಮೂರು: ಯಾರೋ ಹೇಳಿದ್ದು, ಕೇಳಿದ್ದು ನಡೆಯದು. ನಾಲ್ಕು: ಒಮ್ಮೆ ತೀರ್ಮಾನವಾದದ್ದನ್ನು ಸಾಕ್ಷಿಯಿಲ್ಲದೆ ಕೆದಕುವಂತಿಲ್ಲ. ಐದು: ಬೊಂಬೆಯ ಬಣ್ಣ ಕೆರೆದವರನ್ನು, ಹೊಸದಾಗಿ ಹಚ್ಚಿದವರನ್ನು ಗುಂಪಿನಿಂದ ಹೊರಗೆ ಹಾಕಲಾಗುವುದು. ನಮ್ಮ ಹಳ್ಳಿ ಪಂಚಾಯ್ತಿಯಲ್ಲೂ ಇಷ್ಟು ಕಟ್ಟುನಿಟ್ಟು ನಾನು ಕಂಡಿರಲಿಲ್ಲ.

ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸಿದೆ. ಎರಡು ನಿಮಿಷಕ್ಕೆ ನಿರಂಜನನ ಉತ್ತರ: "ಗಗನ ಅವರೇ, ಶುಭೋದಯದ ಚಿತ್ರಗಳಿಗೆ ಇಲ್ಲಿ ಅವಕಾಶವಿಲ್ಲ."

ಸಂಜೆ ಗಗನ ತಲೆ ಚಚ್ಚಿಕೊಂಡಳು. "ಅಯ್ಯೋ, ಅಲ್ಲೆಲ್ಲ ಹೂವ ಹಾಕ್ಬಾರ್ದು ಕಣಜ್ಜಿ! ನನ್ ಹೆಸರಲ್ಲಿದೆ ಆ ನಂಬರು, ಮಾನ ಹೋಯ್ತು."

"ಬೊಂಬೆಗೆ ಕಿತ್ತಾಡೋ ಗಂಡಸ್ರ ಮುಂದೆ ನಿಂಗ್ಯಾವ್ ಮಾನಾನೇ?" ಎಂದೆ.

೧೨ ಅಕ್ಟೋಬರ್, ಭಾನುವಾರ

ಗುಂಪಿನಲ್ಲಿ ಇವತ್ತು ನೂರ ಹತ್ತು ಮಾತು ಬಂದವು. ಮನೆಯಲ್ಲಿ ಏಳು. ಅದರಲ್ಲಿ ಮೂರು "ಮಾತ್ರೆ ತಗೊಂಡ್ಯಾ".

೧೬ ಅಕ್ಟೋಬರ್, ಗುರುವಾರ

ಇವತ್ತು ನನ್ನ ನೀಲಿಯ ಮೇಲೆ ವಿಚಾರಣೆ ನಡೆಯಿತು. ಮಿಕ್ಕ ನೀಲಿಯರ ಎರಡು ಕಣ್ಣೂ ಒಂದೇ ಕಡೆ ನೋಡುತ್ತವೆ. ನನ್ನದೂ ಸೇರಿ ಕೆಲವರದು ಮಾತ್ರ ಹಾಗಲ್ಲ, ಬಲಗಣ್ಣು ಒಂದು ಕಡೆ, ಎಡಗಣ್ಣು ಇನ್ನೊಂದು ಕಡೆ. ಇವರು ಅದಕ್ಕೆ 'ಓರೆಗಣ್ಣಿನ ನೀಲಿ' ಎಂದು ಹೆಸರಿಟ್ಟಿದ್ದಾರೆ. ದೇಶದಲ್ಲೆಲ್ಲ ಹತ್ತೋ ಹನ್ನೆರಡೋ ಉಳಿದಿವೆಯಂತೆ.

ನಿರಂಜನನ ವಾದ: "ಒಂದು ಕಣ್ಣು ರಾಜನ ಕಡೆ, ಒಂದು ಕಣ್ಣು ಶತ್ರುವಿನ ಕಡೆ. ದ್ರೋಹಿ ಅವಳೇ. ಎರಡನೇ ನಿಯಮದ ಪ್ರಕಾರ ಇದು ಸಾಕ್ಷಿ."

ಸಮರ್ಥ ಎಂಬ ಹುಡುಗ ನೀಲಿಯ ಪರ. ಹುಡುಗ ಅಂದರೆ ಮೂವತ್ತೈದಾದರೂ ಇರಬೇಕು. "ಎರಡೂ ಕಡೆ ನೋಡೋದೇ ಕಾವಲುಗಾರರ ಕೆಲಸ ಸ್ವಾಮಿ. ನಿಮ್ಮ ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಒಂದೇ ಕಡೆ ನೋಡ್ತಾ ಕೂತ್ರೆ ಸುಮ್ಮನಿರ್ತೀರಾ?"

ಮಧ್ಯಾಹ್ನದ ಅನ್ನ ಆರಿಹೋಯಿತು. ನಾನು ಒಂದೊಂದೇ ಅಕ್ಷರ ಒತ್ತಿ ಬರೆದೆ: "ಅದು ದ್ರೋಹವೂ ಅಲ್ಲ ಕಾವಲೂ ಅಲ್ಲ. ಬಣ್ಣ ತಪ್ಪಾಗಿದ್ದು."

"ಗಗನ ಅವರೇ, ಮೂರನೇ ನಿಯಮ. ಇದು ಮೊದಲ ಎಚ್ಚರಿಕೆ."

ಎಚ್ಚರಿಕೆಯಂತೆ! ಅವನು ಚಡ್ಡಿ ಹಾಕುವುದಕ್ಕೆ ಮೊದಲು ನಾನು ಆ ಕಣ್ಣು ಬರೆದಿದ್ದೇನೆ. ಫೋನನ್ನು ದಿಂಬಿನ ಕೆಳಗೆ ತಳ್ಳಿದೆ. ಅರ್ಧ ಗಂಟೆಯಾದ ಮೇಲೆ ತೆಗೆದು ನೋಡಿದೆ. ಬೇರೇನೋ ಮಾತಾಡುತ್ತಿದ್ದರು.

೨೦ ಅಕ್ಟೋಬರ್, ಸೋಮವಾರ

ದೀಪಾವಳಿ. ಕೀರ್ತಿಗೆ ಹಬ್ಬದ ವಿಶೇಷ ಬಸ್ಸು, ರಜೆಯಿಲ್ಲ. ಗಗನ ಗೆಳತಿಯರ ಮನೆಗೆ ಹೋದಳು. ಹೋಗುವಾಗ ಹಣತೆಯನ್ನು ಕಿಟಕಿಯ ಮೇಲೆ ಇಟ್ಟು, "ನೀನೇ ಹಚ್ಕೊ ಅಜ್ಜಿ" ಎಂದಳು. ಬೆಂಕಿಪೊಟ್ಟಣ ಅಡುಗೆಮನೆಯಲ್ಲೇ ಇತ್ತು.

ಗುಂಪಿನಲ್ಲಿ ಸಮರ್ಥ ಕೇಳಿದ್ದಾನೆ: "ಗಗನ ಅವರು ನಾಲ್ಕು ದಿನದಿಂದ ಮಾತಾಡಿಲ್ಲ. ಬೇಜಾರಾಯ್ತಾ?" ಅದನ್ನು ಮೂರು ಸಲ ಓದಿದೆ.

ನೀಲಿಯನ್ನು ಕಿಟಕಿಯಲ್ಲಿ ನಿಲ್ಲಿಸಿದ್ದೇನೆ, ಮುಖ ಬೀದಿಯ ಕಡೆಗೆ. ಮೆಟ್ಟಿಲ ಮೇಲಿಟ್ಟಾಗಲೂ ಪ್ರತಿ ವರ್ಷ ಅವಳ ಮುಖವನ್ನು ಅತ್ತ ತಿರುಗಿಸುತ್ತೇನೆ; ಈ ಸಲ ಫೋಟೊಗೆಂದು ಗಗನ ಇತ್ತ ತಿರುಗಿಸಿದ್ದಳು.

೨೩ ಅಕ್ಟೋಬರ್, ಗುರುವಾರ

ಇವತ್ತು ಬಾಯಿ ಬಿಟ್ಟೆ. ಬರೆದರೆ ಎಚ್ಚರಿಕೆ ಕೊಡುತ್ತಾರೆಂದು ಗುಂಡಿ ಒತ್ತಿ ಹಿಡಿದು ಮಾತಾಡಿಯೇ ಕಳಿಸಿದೆ: "ಏನ್ರಪ್ಪ, ನಾನು ಗಗನ ಅಲ್ಲ, ಅವಳಜ್ಜಿ ದೇವೀರಮ್ಮ. ನಿಮ್ ನೀಲಿ ಬಲಗಣ್ಣು ಬರೆದೋಳು ನಾನೇ. ಅದೇನ್ ಸಾಕ್ಷಿ ಬೇಕೋ ಕೇಳ್ರೋ."

ಬೀದಿಯಲ್ಲಿ ಪಟಾಕಿ ಹೊಡೆದ ಹಾಗಾಯಿತು. ಸಾಕ್ಷಿ ಕೇಳಿದರು. ಸಂಜೆ ಗಗನಳನ್ನು ಕೂರಿಸಿಕೊಂಡು ಒಂದು ಮೊಟ್ಟೆಯ ಮೇಲೆ ಅವಳ ಚಿತ್ರಕಲೆಯ ಸೊನ್ನೆ ನಂಬರ್ ಬ್ರಷ್ಷಿನಲ್ಲಿ ಕಣ್ಣು ಬರೆದೆ. ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಒಂದು ತಿರುವು. ಮೂರೇ ಏಟು. ಗಗನ ವಿಡಿಯೊ ಮಾಡುವುದನ್ನೇ ಮರೆತಳು. ಎರಡನೇ ಮೊಟ್ಟೆ ಬೇಕಾಯಿತು.

"ಅಜ್ಜಿ, ಇದೆಲ್ಲ ನೀನ್ಯಾಕೆ ಹೇಳೇ ಇಲ್ಲ?"

"ನೀನ್ ಕೇಳಿದ್ಯಾ?"

ಗುಂಪಿನವರು ಅಮ್ಮ ಅಮ್ಮ ಎಂದು ಕೈಮುಗಿಯುವ ಚಿತ್ರಗಳನ್ನು ಸುರಿದರು. ನಿರಂಜನ್ ಕ್ಷಮೆ ಕೇಳಿದ. ಊಟ ಮಾಡಿದಿರಾ, ಕಾಲು ಹೇಗಿದೆ, ಎಷ್ಟು ಬೊಂಬೆ ಬರೆಯುತ್ತಿದ್ದಿರಿ? ನಾನು ಹೇಳುತ್ತಾ ಹೋದೆ. ಒಂದು ಟ್ರೇಯಲ್ಲಿ ನಲವತ್ತು ತಲೆ. ಬಲಗಣ್ಣು ನನ್ನದು, ಎಡಗಣ್ಣು ಪಕ್ಕದಲ್ಲಿ ಕೂರುತ್ತಿದ್ದ ಅಂಬುಜಮ್ಮನದು. ಹಸಿ ಬಣ್ಣ ಕಲೆಸಿಹೋಗಬಾರದೆಂದು ನಾನು ಬರೆದ ಕಣ್ಣಿನ ಮೇಲೆ ತಗಡಿನ ಮರೆ ಇಡುತ್ತಿದ್ದೆ, ಅವಳಿಗೆ ಅದು ಕಾಣುತ್ತಿರಲಿಲ್ಲ. ಕೋಟೆಬಾಗಿಲಿನ ಎರಡು ಪಕ್ಕಕ್ಕೆ ಎರಡು ನೀಲಿ, ಒಬ್ಬಳು ಎಡಕ್ಕೆ ನೋಡಬೇಕು, ಒಬ್ಬಳು ಬಲಕ್ಕೆ. ಯಾವ ಟ್ರೇ ಯಾವ ಕಡೆ ಎಂದು ಚೀಟಿ ಅಂಟಿಸಿರುತ್ತಿದ್ದರು. ಅಂಬುಜಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಕೂಗಬೇಕು. ನಮ್ಮ ಎಡಕ್ಕೆ ಕಿಟಕಿ, ಬಲಕ್ಕೆ ಬಾಗಿಲು. ಹಾಗಾಗಿ ನಾನು ಎಡ ಬಲ ಎನ್ನುತ್ತಿರಲಿಲ್ಲ, "ಕಿಟಕಿ!" ಇಲ್ಲವೇ "ಬಾಗ್ಲು!" ಎನ್ನುತ್ತಿದ್ದೆ. ಅವಳು "ಹ್ಞೂಂ ಬಾಗ್ಲು" ಎಂದು ಬರೆಯುತ್ತಿದ್ದಳು.

ಆಗ ಸಮರ್ಥ ಕೇಳಿದ: "ಹಾಗಾದ್ರೆ ಓರೆಗಣ್ಣು ಹೇಗಾಯ್ತಮ್ಮ? ತಪ್ಪು ಯಾರದು?"

ಅರವತ್ತು ಜನ ಕಾಯುತ್ತಿದ್ದರು. ನನ್ನ ಮಾತಿಗೆ ಅಷ್ಟು ಜನ ಕಾದದ್ದು ಯಾವ ಕಾಲದಲ್ಲೋ.

"ಎಡಗಣ್ಣಿಂದು" ಎಂದೆ.

೨೪ ಅಕ್ಟೋಬರ್, ಶುಕ್ರವಾರ

ನಿರಂಜನ್ ಗುಂಪಿನ ನೆತ್ತಿಯ ಮೇಲೆ ಅಂಟಿಸಿದ್ದಾನೆ: "ತೀರ್ಮಾನ: ನೀಲಿ ದ್ರೋಹಿಯಲ್ಲ. ಓರೆಗಣ್ಣು ಎಡಗಣ್ಣು ಬರೆಯುತ್ತಿದ್ದ ಅಂಬುಜಮ್ಮ ಎಂಬ ಕೆಲಸಗಾರ್ತಿಯ ತಪ್ಪು. ಆಧಾರ: ದೇವೀರಮ್ಮನವರ ಹೇಳಿಕೆ."

ಗುಂಪನ್ನು ತೆರೆದಾಗಲೆಲ್ಲ ಅದೇ ಮೊದಲು ಕಾಣುತ್ತದೆ.

೨೫ ಅಕ್ಟೋಬರ್, ಶನಿವಾರ

ಫೋನು ತೆಗೆಯಲಿಲ್ಲ.

೩೧ ಅಕ್ಟೋಬರ್, ಶುಕ್ರವಾರ

ಕೀರ್ತಿಗೆ ವಾರದ ರಜೆ. ಕಾಲಿನ ಹತ್ತಿರ ಕೂತು ಸೊಪ್ಪು ಬಿಡಿಸುತ್ತಾ ಕೇಳಿದಳು, "ಯಾಕಮ್ಮ ಒಂಥರಾ ಇದ್ದೀಯ? ನಿನ್ ಹುಡುಗ್ರು ಜಗಳ ಆಡುದ್ರಾ?"

"ಅಂಬುಜಿ ಇದಾಳೋ ಹೋದ್ಲೋ?" ಎಂದುಬಿಟ್ಟೆ. ಬಾಯಿಗೆ ಹೇಗೆ ಬಂತೋ.

ಕೀರ್ತಿಯ ಕೈ ನಿಂತಿತು. "ಅಂಬುಜತ್ತೇನಾ? ಬನ್ನೂರಲ್ಲವ್ರೆ, ತಮ್ಮ ಕೆಂಪಯ್ಯನ ಮನೇಲಿ. ವರ್ಷದ ಹಿಂದೆ ನನ್ ಬಸ್ ಹತ್ತಿದ್ರಲ್ಲ, ನಿಮ್ಮವ್ವ ಎಂಗವ್ಳೆ ಅಂತ ಕೇಳುದ್ರು. ಮನೇಗ್ ಬಂದು ಹೇಳ್ದೆ ನಿಂಗೆ. ಹೇಳಿದ್ ತಕ್ಷಣ ನೀನು ಹಾಲು ಉಕ್ತಾ ಇದೆ ಅಂತ ಎದ್ದು ಹೋದೆ."

ಹೌದು, ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಇದನ್ನು ಬರೆಯದೆ ಇದ್ದರೆ ಈ ಪುಸ್ತಕ ಇಟ್ಟುಕೊಂಡು ಪ್ರಯೋಜನವೇನು? ಇಪ್ಪತ್ತಾರು ವರ್ಷದ ಹಿಂದೆ ಶ್ರಾವಣದಲ್ಲಿ ಊಟದ ಹೊತ್ತಿಗೆ ಕಥೆಯ ಹೊಸ ಚೀಟಿ ಬಂದಿತ್ತು. ಎಂಟು ಜನ ಹೆಂಗಸರು ಸುತ್ತ ಕೂತರು, ನಾನು ಓದಿ ಹೇಳುತ್ತಿದ್ದೆ. 'ದುರ್ಭೇದ್ಯ' ಎಂದೇನೋ ಇತ್ತು. ನಾನು ದು, ದುರ್, ದುರ್ಬೆ ಎಂದು ತಡವರಿಸಿದೆ. ಅಂಬುಜಿ ಆಡು ಒದರಿದ ಹಾಗೆ ನನ್ನಂತೆಯೇ ಮಾಡಿ ತೋರಿಸಿದಳು. ಎಲ್ಲರೂ ಅನ್ನ ಉಗುಳುವಂತೆ ನಕ್ಕರು. ಒಂದಕ್ಷರ ಬಾರದವಳು ನನ್ನ ಓದಿಗೆ ನಕ್ಕಳಲ್ಲ ಎಂದು ಹೊಟ್ಟೆ ಉರಿಯಿತು. ಮಾತು ಬಿಟ್ಟೆ. ಟ್ರೇ ಕೂಗುವುದನ್ನೂ ಬಿಟ್ಟೆ. ನಗು ಬರುತ್ತದಲ್ಲ, ಹಾಗಾದರೆ ನೀನೇ ಓದಿಕೊ ಎಂದು.

ಮೂರು ದಿನಕ್ಕೆ ತಪ್ಪು ಸಿಕ್ಕಿತು. ಮೇಲ್ವಿಚಾರಕ ಶಿವಮಲ್ಲಪ್ಪನವರು ಇಬ್ಬರನ್ನೂ ನಿಲ್ಲಿಸಿ ನನ್ನನ್ನು ಕೇಳಿದರು, "ಕೂಗಿ ಹೇಳಿದ್ಯೇನಮ್ಮ?"

"ಹೇಳ್ದೆ ಸಾ" ಎಂದೆ.

ಅವರು ಅಂಬುಜಿಯ ಕಡೆ ತಿರುಗಿದರು. ನಾನು ನೆಲ ನೋಡಿದೆ. ಈಗ ಇವಳು ನನ್ನ ಮಾನ ಹರಾಜು ಹಾಕುತ್ತಾಳೆ ಎಂದುಕೊಂಡೆ. ಅಂಬುಜಿ ಹೇಳಿದ್ದು ಇಷ್ಟೇ: "ನಂಗೇ ಕೇಳಿಸ್ನಿಲ್ಲ ಸಾ."

ಅವತ್ತೇ ಅವಳನ್ನು ಕೆಲಸದಿಂದ ತೆಗೆದರು. ಊಟದ ಡಬ್ಬಿ ತೆಗೆದುಕೊಂಡು ನನ್ನ ಹಿಂದೆಯೇ ದಾಟಿ ಹೋದಳು. ತಿರಸ್ಕಾರದ ರಾಶಿಯಿಂದ ಒಂದು ನೀಲಿಯನ್ನು ನಾನು ಮನೆಗೆ ತಂದೆ. ಯಾಕೆ ತಂದೆನೆಂದು ನನಗೆ ಗೊತ್ತಿಲ್ಲ.

ಕೀರ್ತಿಗೆ ಇದಿಷ್ಟನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈಯುತ್ತಾಳೆಂದು ಕಾದೆ.

೪ ನವೆಂಬರ್, ಮಂಗಳವಾರ

ಗುಂಪಿನಲ್ಲಿ ಹೇಳಿದೆ: "ಅವತ್ತು ನಾನು ಹೇಳಿದ್ದು ಸುಳ್ಳು. ತಪ್ಪು ನನ್ನದು. ಅಂಬುಜಮ್ಮನ ಹೆಸರು ತೆಗೆಯಿರಿ."

ಒಬ್ಬನೂ ನಂಬಲಿಲ್ಲ! ಅಮ್ಮನದು ದೊಡ್ಡ ಮನಸ್ಸು, ಗೆಳತಿಯನ್ನು ಕಾಪಾಡುತ್ತಿದ್ದಾರೆ ಎಂದರು. ಕೈಮುಗಿಯುವ ಚಿತ್ರಗಳು ಮತ್ತೆ. ಸುಳ್ಳು ಹೇಳಿದಾಗ ಎರಡು ಮೊಟ್ಟೆ ಸಾಕಾಗಿತ್ತು.

ನಿರಂಜನ್ ಬರೆದ: "ಅಮ್ಮ, ನಾಲ್ಕನೇ ನಿಯಮ. ನಿಮ್ಮ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧ ಇವೆ. ಬೊಂಬೆಯ ಮೇಲಿನ ಎಡಗಣ್ಣೇ ತಪ್ಪು ದಿಕ್ಕಿಗಿದೆ. ಅಂಬುಜಮ್ಮನವರೇ ಬಂದು ಹೇಳಿದರೆ ಮಾತ್ರ ಬದಲಾಯಿಸಬಹುದು."

ಸಮರ್ಥ ಬೇರೆಯಾಗಿ ನನಗೊಬ್ಬಳಿಗೇ ಬರೆದಿದ್ದಾನೆ: "ನಾನು ನಂಬ್ತೀನಮ್ಮ. ಅವರು ಸಿಕ್ಕಿದ ದಿನ ನನಗೆ ಹೇಳಿ. ಗುಂಪಿಗೆ ನಾನು ಸೇರಿಸ್ತೀನಿ."

ಅವರ ನಿಯಮವನ್ನು ಬೈಯಬೇಕೆಂದು ಕೂತೆ. ಬೈಗುಳ ಬರಲಿಲ್ಲ. ಶಿವಮಲ್ಲಪ್ಪನವರು ಟ್ರೇಯ ಚೀಟಿ ನೋಡಿದರು, ಬಲಗಣ್ಣು ನೋಡಿದರು, ಎಡಗಣ್ಣು ನೋಡಿದರು. ಅವರಿಗೂ ಅದೇ ಸಾಕ್ಷಿ.

೯ ನವೆಂಬರ್, ಭಾನುವಾರ

ಅಂಬುಜಿಗೆ ಕಾಗದ ಬರೆಯಲು ಮೂರು ಹಾಳೆ ಹರಿದೆ. ಗಗನ, "ನಾನ್ ಬರ್ಕೊಡ್ಲಾ ಅಜ್ಜಿ?" ಎಂದಳು. ಬೇಡ ಎಂದೆ. ಅವಳು ಹೋಗದೆ ಪಕ್ಕದಲ್ಲೇ ಕೂತು ತನ್ನ ಓದು ಓದಿಕೊಂಡಳು. ಚೆನ್ನಾಗಿತ್ತು.

೧೮ ನವೆಂಬರ್, ಮಂಗಳವಾರ

ಪ್ಲಾಸ್ಟರ್ ಕತ್ತರಿಸಿದರು. ಕಾಲು ಸೊರಗಿ ಯಾರದೋ ಕಾಲಿನ ಹಾಗಿದೆ. ಗೋಡೆ ಹಿಡಿದು ಹನ್ನೊಂದು ಹೆಜ್ಜೆ ಇಟ್ಟು ಗಗನಳ ಮೇಜಿನವರೆಗೆ ಹೋದೆ.

ಅವಳ ಉಗುರುಬಣ್ಣ ಅಳಿಸುವ ನೀರಿನಲ್ಲಿ ಬಟ್ಟೆ ಅದ್ದಿ ನೀಲಿಯ ಎಡಗಣ್ಣನ್ನು ಒರೆಸಿದೆ. ಇಪ್ಪತ್ತಾರು ವರ್ಷದ ಬಣ್ಣ ಎರಡು ಉಜ್ಜಿಗೆ ಹೋಯಿತು. ಫೋಟೊ ತೆಗೆದು ಗುಂಪಿಗೆ ಹಾಕಿದೆ. "ಇನ್ನು ಇದು ನಿಮ್ಮ ಸಾಕ್ಷಿಯಲ್ಲ" ಎಂದೆ. ಒಬ್ಬನು ಅಯ್ಯಯ್ಯೋ ಎಂದ. ಇನ್ನೊಬ್ಬನು ಅಳುವ ಮುಖ ಹಾಕಿದ. ಐದನೇ ನಿಯಮದ ಪ್ರಕಾರ ನಿರಂಜನ್ ನನ್ನನ್ನು ಹೊರಗೆ ಹಾಕಿದ. ಹಾಕಲೇಬೇಕು, ನಿಯಮವಲ್ಲವೇ? ಆದರೂ ಒಂದು ಗಳಿಗೆ ಫೋನನ್ನು ಹಿಡಿದೇ ಇದ್ದೆ. ಯಾವ ಸದ್ದೂ ಬರಲಿಲ್ಲ.

ನಾಳೆ ಕೀರ್ತಿಗೆ ಬನ್ನೂರು ಬಸ್ಸು. ಕಾಗದವನ್ನೂ ನೀಲಿಯನ್ನೂ ಅವಳ ಚೀಲದಲ್ಲಿ ಇಟ್ಟಿದ್ದೇನೆ. ಕಾಗದ ಕಳೆದುಹೋದರೆ ಇರಲಿ ಎಂದು ಇಲ್ಲಿ ಇಳಿಸಿಕೊಳ್ಳುತ್ತೇನೆ.

ಅಂಬುಜಿ,

ನಾನು ದೇವೀರಿ. ಇದನ್ನು ನಿನಗೆ ಓದಿ ಹೇಳುವವರು ಯಾರೋ, ಅವರು ಜೋರಾಗಿ ಓದಲಿ. ತಡವರಿಸಿದರೆ ಅವರನ್ನು ನೋಡಿ ನಗಬೇಡ. ನಕ್ಕರೂ ಪರವಾಗಿಲ್ಲ. ನೀನು ಮಾಡಿ ತೋರಿಸಿದ್ದು ನನ್ನ ಹಾಗೆಯೇ ಇತ್ತು.

ನಾನು ಕೂಗಲಿಲ್ಲ. ಅದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ, ಇದನ್ನು ಕೀರ್ತಿಗೂ ಹೇಳಿಲ್ಲ. ಕೂಗದಿದ್ದರೂ ನೀನು ಒಂದು ಟ್ರೇ ಕಿಟಕಿ, ಮುಂದಿನದು ಬಾಗಿಲು ಎಂದು ಸಾಲು ನೆನಪಿಟ್ಟು ಸರಿಯಾಗಿಯೇ ಬರೆಯುತ್ತಿದ್ದೆ. ಮೊದಲ ದಿನವೆಲ್ಲ ನಿನ್ನದು ಒಂದೂ ತಪ್ಪಲಿಲ್ಲ. ಅದನ್ನು ನೋಡಿ ಎರಡನೇ ದಿನ ನಾನು ಬೇಕೆಂದೇ ಟ್ರೇಗಳನ್ನು ಅದಲುಬದಲು ಮಾಡಿದೆ. ಆಮೇಲೆ ಶಿವಮಲ್ಲಪ್ಪನವರ ಮುಂದೆ, ಕೂಗಿದೆ ಎಂದೆ. ನೀನು ಕೇಳಿಸಲಿಲ್ಲ ಎಂದೆ. ಯಾಕೆ ಹಾಗೆಂದೆ? ನನ್ನನ್ನು ಬೈದಿದ್ದರೆ ನಾನು ತಿರುಗಿ ಬೈದು, ಎರಡು ವಾರಕ್ಕೆ ರಾಜಿಯಾಗುತ್ತಿದ್ದೆವು. ನೀನು ಹಾಗೆ ಹೇಳಿ ಹೋದೆ, ನನಗೆ ನಿನ್ನ ಮನೆಯ ದಾರಿಯೇ ಇಲ್ಲದಂತಾಯಿತು.

ಹೋದ ತಿಂಗಳು ಕೆಲವರ ಮುಂದೆ ಅದೇ ಸುಳ್ಳನ್ನು ಮತ್ತೆ ಹೇಳಿ ನಿನ್ನ ಹೆಸರು ಕೆಡಿಸಿದ್ದೇನೆ. ಅದನ್ನು ಅಳಿಸಲು ನೀನೇ ಬಾಯಿ ಬಿಡಬೇಕಂತೆ. ಹೇಗೆಂದು ಕೀರ್ತಿ ತಿಳಿಸುತ್ತಾಳೆ. ಬೇಡವೆನಿಸಿದರೆ ಬಿಡು. ನನಗೆ ಬೇಕಾಗಿರುವುದು ಬೇರೆ.

ಜೊತೆಗೆ ನೀಲಿಯನ್ನು ಕಳಿಸಿದ್ದೇನೆ. ಎಡಗಣ್ಣು ಒರೆಸಿದೆ, ಅದು ನಿನ್ನ ಜಾಗ. ಬಲಗಣ್ಣಿಗೆ ಮರೆ ಹಾಕಿಲ್ಲ, ನೋಡು. ಆದರೂ ಕೂಗುವುದು ನನ್ನ ಕೆಲಸ, ಕೂಗುತ್ತೇನೆ. ಬಾಗ್ಲು, ಅಂಬುಜಿ. ಬಾಗ್ಲು. ಈಗಲಾದರೂ ಕೇಳಿಸಿತೇನೇ?

ಕೈ ನಡುಗುತ್ತದೆಂದು ನೆಪ ಹೇಳಬೇಡ, ನನ್ನದೂ ನಡುಗುತ್ತದೆ. ಕಣ್ಣು ಬರೆದು ಕೀರ್ತಿಯ ಬಸ್ಸಿನಲ್ಲಿ ಕಳಿಸು, ಇಲ್ಲವೇ ನೀನೇ ಹತ್ತಿ ಬಾ. ಸುಮ್ಮನೆ ಮಾತ್ರ ಇರಬೇಡ. ಡಿಸೆಂಬರ್ ಹುಟ್ಟುವುದರೊಳಗೆ ನನಗೆ ಉತ್ತರ ಬರಬೇಕು.